ಗೆದ್ದೆತ್ತಿನ ಬಾಲ ಹಿಡಿಯದವರು

ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಯಾರ ಕೈ ಮೇಲಾಗುವುದೋ ಅವರ ಪಕ್ಷ ವಹಿಸುವವರನ್ನು ಹಂಗಿಸಲು ಹಿರಿಯರು ಇದನ್ನು ಬಳಸುತ್ತಿದ್ದರು. ಲೋಕದ ಬಹುತೇಕ ವ್ಯವಹಾರಗಳಲ್ಲಿ ಈ ಬಾಲಕ್ಕೆ ಕೈಗಳು ಹೆಚ್ಚು. ಆದರೆ ಸೋತ ಎತ್ತಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು, ಅದರ ಮೈದಡವಿ, ಮರುದಿನ ಮತ್ತೆ ಅದನ್ನೇ ನೋಡಲು ಬರುವ ಜನರೂ ಈ ಲೋಕದಲ್ಲಿದ್ದಾರೆ. ಫುಟ್‌ಬಾಲ್ ತಂಡಗಳ ನಿಷ್ಠಾವಂತ ಅಭಿಮಾನಿಗಳು ಅಂಥವರು. ಗೆಲುವು ಕೊಡದಿರುವ ಯಾವ ವಸ್ತುವನ್ನು ಅವರು ಆ ತಂಡದಿಂದ ಪಡೆಯುತ್ತಾರೆ? ಈ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ನೋಡುವ ಆಸೆ ನನಗೆ ಬಹುಕಾಲದಿಂದ ಇತ್ತು.

ಇದಕ್ಕೆ ಇಂಗ್ಲೆಂಡಿಗೋ ಬ್ರೆಜಿಲಿಗೋ ಹೋಗಬೇಕಾಗಿಲ್ಲ. ಕಲ್ಕತ್ತೆಯ ಮೈದಾನವೇ ಸಾಕು. ಅಲ್ಲಿನ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಎಂಬ ಎರಡು ಕ್ಲಬ್ಬುಗಳ ಕಥೆಯನ್ನು ಬಲ್ಲವರಿಗೆ ಅದು ಆಟದ ಕಥೆಯಾಗಿ ಮಾತ್ರ ಉಳಿಯುವುದಿಲ್ಲ. ಒಂದು ನಾಡು ಎರಡು ಬಾರಿ ಸೀಳಿಹೋದ ಕಥೆಯೂ ಆಗುತ್ತದೆ. ನಮ್ಮ ಬೆಂಗಳೂರಿನ ಒಂದೆರಡು ಎಳೆಗಳೂ ಅದರಲ್ಲಿ ಹೆಣೆದುಕೊಂಡಿವೆ.

ಮೋಹನ್ ಬಗಾನ್ ಹುಟ್ಟಿದ್ದು 1889ರ ಆಗಸ್ಟ್ 15ರಂದು. ಆ ತಾರೀಖಿಗೆ ಮುಂದೆ ಬರಲಿದ್ದ ಮಹತ್ವ ಆಗ ಯಾರಿಗೂ ತಿಳಿದಿರಲಿಲ್ಲ. ಕ್ಲಬ್ಬಿಗೆ ಅಮರತ್ವ ತಂದುಕೊಟ್ಟ ದಿನ 1911ರ ಜುಲೈ 29. ಅಂದು ಐ.ಎಫ್.ಎ. ಷೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಶಿಬದಾಸ್ ಭಾದುರಿಯವರ ನಾಯಕತ್ವದ ಮೋಹನ್ ಬಗಾನ್, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಗೋರಾ ಸೈನಿಕರ ತಂಡವನ್ನು 2-1 ಗೋಲುಗಳಿಂದ ಸೋಲಿಸಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿ ಆಡಿದ್ದರು. ಮೊದಲ ಗೋಲು ಬಿಟ್ಟುಕೊಟ್ಟ ಮೇಲೆ ಶಿಬದಾಸರು ಸಮ ಮಾಡಿದರು, ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. ಆಟ ಕಾಣದಷ್ಟು ದೂರದಲ್ಲಿ ನಿಂತ ಜನಕ್ಕೆ ಗಾಳಿಪಟ ಹಾರಿಸಿ ಗೋಲುಗಳ ಲೆಕ್ಕ ತಿಳಿಸಿದರಂತೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಲಾರ್ಡ್ ಕರ್ಜನ್ 1905ರಲ್ಲಿ ಮಾಡಿದ್ದ ಬಂಗಾಳದ ವಿಭಜನೆ ಆ ಜುಲೈ ತಿಂಗಳಲ್ಲಿ ಇನ್ನೂ ಜಾರಿಯಲ್ಲಿತ್ತು. ಅದು ರದ್ದಾದದ್ದು ಅದೇ ವರ್ಷದ ಡಿಸೆಂಬರಿನ ದೆಹಲಿ ದರ್ಬಾರಿನಲ್ಲಿ. ನಾಯಕ ಭಾದುರಿಯವರೂ ಸೇರಿದಂತೆ ಆ ತಂಡದ ಹಲವರ ಮೂಲ ಪೂರ್ವ ಬಂಗಾಳ. ಆದ್ದರಿಂದ ಆ ಗೆಲುವು ಪೂರ್ವದವರದೂ ಹೌದು, ಪಶ್ಚಿಮದವರದೂ ಹೌದು. ನಕಾಶೆಯಲ್ಲಿ ಎರಡಾಗಿದ್ದ ಜನ ಆಟದ ಬಯಲಿನಲ್ಲಿ ಒಂದಾಗಿದ್ದರು.

ಆಮೇಲೆ ಏನಾಯಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. 1911ರ ನಂತರ ಮೋಹನ್ ಬಗಾನ್ ಮತ್ತೊಮ್ಮೆ ಆ ಷೀಲ್ಡ್ ಗೆದ್ದದ್ದು 1947ರಲ್ಲಿ, ಮೂವತ್ತಾರು ವರ್ಷಗಳ ಬಳಿಕ! ಕಲ್ಕತ್ತ ಲೀಗಿನ ಪ್ರಶಸ್ತಿ ಮೊದಲ ಬಾರಿಗೆ ಅದಕ್ಕೆ ದೊರೆತದ್ದು 1939ರಲ್ಲಿ. ನಡುವೆ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ 1934ರಿಂದ 1938ರವರೆಗೆ ಸತತ ಐದು ಸಲ ಲೀಗ್ ಗೆದ್ದು ಬೀಗಿತು. ಷೀಲ್ಡಿನ ದಿನ ಗಾಳಿಪಟ ನೋಡಿ ಕುಣಿದಿದ್ದ ಹುಡುಗ ಮುಂದಿನ ಷೀಲ್ಡ್ ಕಾಣುವ ಹೊತ್ತಿಗೆ ತಲೆ ನರೆತ ಗೃಹಸ್ಥನಾಗಿದ್ದ. ಹಾಗೆಂದು ಮೋಹನ್ ಬಗಾನಿನ ಅಭಿಮಾನಿಗಳು ಕರಗಿಹೋಗಲಿಲ್ಲ. ತಂದೆಯಿಂದ ಮಗನಿಗೆ ಆ ಹಸಿರು-ಮೆರೂನ್ ಬಣ್ಣಗಳು ಇಳಿದುಬಂದವು. ಗೆಲುವೇ ಅಭಿಮಾನಕ್ಕೆ ಆಹಾರವಾಗಿದ್ದಲ್ಲಿ ಮೂವತ್ತಾರು ವರ್ಷಗಳ ಉಪವಾಸದಲ್ಲಿ ಅದು ಸಾಯಬೇಕಿತ್ತು.

ಇನ್ನು ಈಸ್ಟ್ ಬೆಂಗಾಲಿನ ಹುಟ್ಟು. 1920ರ ಜುಲೈ ತಿಂಗಳ ಕೊನೆಯಲ್ಲಿ ಜೋರಾಬಗಾನ್ ಎಂಬ ಕ್ಲಬ್ಬು ಮೋಹನ್ ಬಗಾನಿನ ವಿರುದ್ಧ ಆಡಬೇಕಾಗಿತ್ತು. ಪೂರ್ವ ಬಂಗಾಳ ಮೂಲದ ಸೈಲೇಶ್ ಬೋಸ್ ಎಂಬ ಆಟಗಾರನನ್ನು ತಂಡದಿಂದ ಕೈಬಿಡಲಾಯಿತು. ಜೋರಾಬಗಾನಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿಯವರೂ ಪೂರ್ವದವರೇ. ಅವರು ಮನನೊಂದು ಹೊರಬಂದು ಗೆಳೆಯರೊಡನೆ ಆಗಸ್ಟ್ 1ರಂದು ಹೊಸ ಕ್ಲಬ್ಬನ್ನೇ ಕಟ್ಟಿದರು. ಅದಕ್ಕೆ ತಮ್ಮ ಊರ ಕಡೆಯ ಹೆಸರನ್ನೇ ಇಟ್ಟರು. ಕಲ್ಕತ್ತೆಯ ಮೂಲನಿವಾಸಿಗಳಾದ ಪಶ್ಚಿಮದವರನ್ನು ಅಲ್ಲಿ 'ಘೋಟಿ' ಎನ್ನುತ್ತಾರೆ, ಪೂರ್ವದಿಂದ ಬಂದವರನ್ನು 'ಬಾಂಗಾಲ್' ಎನ್ನುತ್ತಾರೆ. ಬಾಂಗಾಲ್ ಎಂಬ ಮಾತಿನಲ್ಲಿ ಆಗ ಒಂದಿಷ್ಟು ತಾತ್ಸಾರವೂ ಇತ್ತು: ನುಡಿಗಟ್ಟು ಒರಟು, ನಡವಳಿಕೆ ಹಳ್ಳಿಗಾಡಿನದು ಎಂಬ ಭಾವ. ಹಂಗಿಸಲು ಬಳಸುತ್ತಿದ್ದ ಗುರುತನ್ನೇ ಅವರು ಹೆಮ್ಮೆಯ ಹೆಸರಾಗಿ ಅಂಗಿಯ ಮೇಲೆ ಹೊತ್ತರು.

ಅಂದಿನ ಕಲ್ಕತ್ತ ಲೀಗಿನ ಪ್ರಥಮ ದರ್ಜೆಯಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ಕ್ಲಬ್ಬುಗಳು ಇರಕೂಡದೆಂಬ ನಿಯಮವಿತ್ತು. ಅದರ ವಿರುದ್ಧ ಹೋರಾಡಿ ಮೇಲೇರಿದ ಈಸ್ಟ್ ಬೆಂಗಾಲ್, 1925ರ ಮೇ 28ರಂದು ಮೋಹನ್ ಬಗಾನನ್ನು ಲೀಗಿನಲ್ಲಿ ಮೊದಲ ಬಾರಿಗೆ ಎದುರಿಸಿ 1-0 ಗೋಲಿನಿಂದ ಗೆದ್ದಿತು. ಅದೇ ಇಂದಿಗೂ ನಡೆಯುತ್ತಿರುವ ಮಹಾಸ್ಪರ್ಧೆಯ ನಾಂದಿ. ಆದರೆ ಆ ಹೊತ್ತಿಗೆ ಇದು ಒಂದೇ ಊರಿನ ಎರಡು ಗುಂಪುಗಳ ಮೇಲಾಟವಷ್ಟೇ ಆಗಿತ್ತು. ಆ ಹೆಸರಿಗೆ ಭಾರ ಬಂದದ್ದು 1947ರಲ್ಲಿ.

ಪ್ರೌಢಶಾಲೆಯಲ್ಲಿ ದೇಶವಿಭಜನೆಯ ಪಾಠ ಮಾಡುವಾಗ ಮಕ್ಕಳ ಕಣ್ಣೆದುರು ಬರುತ್ತಿದ್ದುದು ಪಂಜಾಬಿನ ರೈಲುಗಾಡಿಗಳು. ನನ್ನ ತರಗತಿಯಲ್ಲಿ ಕುಳಿತಿದ್ದ ನಿಮಗೆ ಅದು ನೆನಪಿರಬಹುದು. ಪಂಜಾಬಿನ ದುರಂತ ಬಹುಪಾಲು ಕೆಲವೇ ತಿಂಗಳುಗಳಲ್ಲಿ ನಡೆದುಹೋಯಿತು. ಬಂಗಾಳದ್ದು ಹಾಗಲ್ಲ. ಅಲ್ಲಿ ಜನರು ಅಲೆಯಲೆಯಾಗಿ, 1947ರಲ್ಲಿ, 1950ರ ಗಲಭೆಗಳ ಕಾಲದಲ್ಲಿ, ಅನಂತರವೂ ವರ್ಷಗಟ್ಟಲೆ ಗಡಿ ದಾಟಿ ಬರುತ್ತಲೇ ಇದ್ದರು. ಸಿಯಾಲ್ದಾ ರೈಲು ನಿಲ್ದಾಣದ ಪ್ಲಾಟ್‌ಫಾರಮ್ಮುಗಳೇ ಅವರಿಗೆ ಮನೆಯಾದವು. ಜಾದವಪುರದ ಸುತ್ತಮುತ್ತ, ಬಿಜೊಯ್‌ಗಢ ಮೊದಲಾದೆಡೆ ಖಾಲಿ ನೆಲ ಹಿಡಿದು, ಬಿದಿರು ತಟ್ಟಿಯ ಗುಡಿಸಲು ಕಟ್ಟಿ ಅವರು ವಸಾಹತುಗಳನ್ನು ಎಬ್ಬಿಸಿದರು. ಹೊಲ, ಮನೆ, ಕೊಳ, ತೆಂಗಿನ ತೋಟ, ಊರದೇವರು ಎಲ್ಲವೂ ಗಡಿಯಾಚೆ ಉಳಿದಿದ್ದವು.

ಹೀಗೆ ಬಂದವರಿಗೆ ಕಲ್ಕತ್ತೆಯಲ್ಲಿ ಒಂದು ವಸ್ತು ಮಾತ್ರ ತಮ್ಮದೆನ್ನಲು ಸಿದ್ಧವಾಗಿ ಕಾದಿತ್ತು. ಅದು ಕೆಂಪು-ಹೊನ್ನಿನ ಬಣ್ಣದ, ತಮ್ಮ ನಾಡಿನ ಹೆಸರು ಹೊತ್ತ ಒಂದು ಫುಟ್‌ಬಾಲ್ ಕ್ಲಬ್ಬು. ಆ ಹೆಸರಿನ ವಿಧಿಯನ್ನು ನೋಡಿ. ವಿಭಜನೆಯ ನಂತರ 'ಈಸ್ಟ್ ಬೆಂಗಾಲ್' ಪಾಕಿಸ್ತಾನದ ಒಂದು ಪ್ರಾಂತ್ಯದ ಹೆಸರಾಯಿತು. 1955ರಲ್ಲಿ ಅಲ್ಲಿನ ಸರ್ಕಾರ ಅದನ್ನು 'ಪೂರ್ವ ಪಾಕಿಸ್ತಾನ' ಎಂದು ಬದಲಾಯಿಸಿತು. 1971ರಲ್ಲಿ ಅದು ಬಾಂಗ್ಲಾದೇಶವಾಯಿತು. ಸರ್ಕಾರಗಳು ಭೂಪಟದಿಂದ ಅಳಿಸಿದ ಆ ಹೆಸರು ಜನರ ನಾಲಗೆಯ ಮೇಲೆ ಪ್ರತಿದಿನ ಉಳಿದದ್ದು ಕಲ್ಕತ್ತೆಯ ಮೈದಾನದಲ್ಲಿ. ಗ್ಯಾಲರಿಯಲ್ಲಿ ನಿಂತು ತಂಡದ ಹೆಸರನ್ನು ಕೂಗುವ ನಿರಾಶ್ರಿತನು ಗೋಲಿಗಾಗಿ ಕೂಗುತ್ತಿದ್ದನೋ, ಬಿಟ್ಟುಬಂದ ಊರನ್ನು ಕರೆಯುತ್ತಿದ್ದನೋ ಬೇರ್ಪಡಿಸಿ ಹೇಳುವುದು ಕಷ್ಟ.

ಇಷ್ಟಾದರೂ ಆ ಕ್ಲಬ್ಬು ಪೂರ್ವ ಬಂಗಾಳದವರಿಗೆ ಮಾತ್ರ ಬಾಗಿಲು ತೆರೆದಿಡಲಿಲ್ಲ ಎಂಬುದು ಈ ಕಥೆಯ ಸೊಗಸು. ವಿಭಜನೆಯ ಗಾಯ ಹಸಿಯಾಗಿದ್ದ 1949ರಿಂದ 1953ರವರೆಗಿನ ವರ್ಷಗಳಲ್ಲಿ ಈಸ್ಟ್ ಬೆಂಗಾಲಿನ ಮುನ್ಪಡೆಯಲ್ಲಿ ಆಡಿದ ಐವರೂ ದಕ್ಷಿಣ ಭಾರತದವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆ. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಆಡಿದವರು; 1951ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಚೆಂಡು ಅವರ ಕಾಲಿಗೆ ಸಿಕ್ಕರೆ ಎದುರಾಳಿಗಳು ಮಂತ್ರಮುಗ್ಧರಾಗುತ್ತಿದ್ದರೆಂದು ಅವರನ್ನು 'ಹಾವಾಡಿಗ' ಎಂದೇ ಕರೆಯುತ್ತಿದ್ದರು. 2017ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲೇ ಅವರ ಹೆಸರು ಬಲ್ಲವರು ಎಷ್ಟು ಮಂದಿಯೋ!

ಬೆಂಗಳೂರಿನ ಒಬ್ಬ ಮುಸ್ಲಿಮ್ ತರುಣ, ತೆಲುಗು, ಮಲಯಾಳ ನಾಡುಗಳ ತರುಣರು. ಅವರನ್ನು ತಮ್ಮವರೆಂದು ಎತ್ತಿಕೊಂಡವರು ಪೂರ್ವ ಪಾಕಿಸ್ತಾನದಿಂದ ಓಡಿಬಂದ ಹಿಂದೂ ನಿರಾಶ್ರಿತರು. ಆ ಐವರಿಗೆ ಅಭಿಮಾನಿಗಳು ಇಟ್ಟ ಹೆಸರು 'ಪಂಚಪಾಂಡವರು'. ರಾಜ್ಯ ಕಳೆದುಕೊಂಡು ವನವಾಸಕ್ಕೆ ಹೋದ ಪಾಂಡವರ ಹೆಸರು ವನವಾಸದಲ್ಲಿದ್ದ ಜನರ ಬಾಯಿಗೆ ಬಂದದ್ದು ಸಹಜವೇ ಇರಬೇಕು. ಆ ಪಾಂಡವರ ಕಾಲದಲ್ಲಿ ಈಸ್ಟ್ ಬೆಂಗಾಲ್ 1949, 1950, 1951ರಲ್ಲಿ ಸತತ ಮೂರು ವರ್ಷ ಐ.ಎಫ್.ಎ. ಷೀಲ್ಡ್ ಗೆದ್ದಿತು, 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. ಗುಡಿಸಲಿನಲ್ಲಿ ಒಲೆ ಹೊತ್ತಿರದ ದಿನವೂ ಆ ಸುದ್ದಿಯಿಂದ ವಸಾಹತುಗಳಲ್ಲಿ ದೀಪಾವಳಿಯಾಗುತ್ತಿತ್ತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಕಾಲಕ್ರಮದಲ್ಲಿ ಈ ಅಭಿಮಾನ ಮನೆಮನೆಯ ಅಡುಗೆಯೊಳಗೂ ಹೊಕ್ಕಿತು. ಈಸ್ಟ್ ಬೆಂಗಾಲ್ ಗೆದ್ದ ದಿನ ಬಾಂಗಾಲರ ಮನೆಯಲ್ಲಿ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದ ದಿನ ಘೋಟಿಗಳ ಮನೆಯಲ್ಲಿ ಸಿಗಡಿ. ಪಂದ್ಯದ ಫಲಿತಾಂಶವನ್ನು ಮೀನು ಮಾರುಕಟ್ಟೆಯ ದರದಿಂದಲೇ ಊಹಿಸಬಹುದಿತ್ತೆಂದು ಅಲ್ಲಿಯವರು ತಮಾಷೆಯಾಗಿ ಹೇಳುತ್ತಾರೆ. ಮಗು ಹುಟ್ಟುವಾಗಲೇ ಅದರ ತಂಡ ನಿಶ್ಚಯವಾಗಿರುತ್ತದೆ. ನಮ್ಮ ಕಡೆಯ ಮನೆದೇವರ ಹಾಗೆ ಎಂದರೆ ನಿಮಗೆ ಬೇಗ ತಿಳಿಯುತ್ತದೆ. ಮನೆದೇವರನ್ನು ಯಾರೂ ಅಂಗಡಿಯಲ್ಲಿ ಆರಿಸಿ ತರುವುದಿಲ್ಲ. ಮಳೆ ಬರಲಿಲ್ಲ, ಬೆಳೆ ಹೋಯಿತು ಎಂದು ಆ ದೇವರ ಒಕ್ಕಲುತನ ಬಿಟ್ಟು ಪಕ್ಕದ ಊರಿನ ದೇವರಿಗೆ ನಡೆದುಕೊಳ್ಳುವವರೂ ಇಲ್ಲ. ಸಿಟ್ಟು ಬಂದರೆ ದೇವರೊಡನೆ ಜಗಳವಾಡುತ್ತಾರೆ. ಮರುವರ್ಷ ಜಾತ್ರೆಗೆ ಗಾಡಿ ಕಟ್ಟುತ್ತಾರೆ.

ಆದರೆ ಭಕ್ತಿಯೆಲ್ಲವೂ ಬೆಳಕೇ ಆಗಿರುವುದಿಲ್ಲ. ಶಿಕ್ಷಕನಾದವನು ಇದನ್ನು ಮುಚ್ಚಿಡಬಾರದು. 1975ರ ಸೆಪ್ಟೆಂಬರ್ 30ರಂದು ಷೀಲ್ಡಿನ ಅಂತಿಮ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಮೋಹನ್ ಬಗಾನನ್ನು 5-0 ಗೋಲುಗಳಿಂದ ಸೋಲಿಸಿತು. ಆ ಸೋಲಿನ ಅವಮಾನವನ್ನು ತಾಳಲಾರದೆ ಮೋಹನ್ ಬಗಾನಿನ ಒಬ್ಬ ತರುಣ ಅಭಿಮಾನಿ ತನ್ನ ಪ್ರಾಣವನ್ನೇ ಕಳೆದುಕೊಂಡ. ಇದನ್ನು ನಿಷ್ಠೆಯ ಪರಾಕಾಷ್ಠೆಯೆಂದು ಕೊಂಡಾಡಿದವರೂ ಉಂಟು. ನನಗೆ ಹಾಗೆ ತೋರುವುದಿಲ್ಲ. ಸೋಲನ್ನು ಹೊತ್ತು ನಡೆಯುವ ಶಕ್ತಿಯೇ ಅಭಿಮಾನಿಯ ನಿಜವಾದ ಬಲ. ಅದನ್ನು ಆ ಹುಡುಗನಿಗೆ ಕಲಿಸಿಕೊಡುವ ಒಬ್ಬ ಹಿರಿಯ ಪಕ್ಕದಲ್ಲಿ ಇದ್ದಿದ್ದರೆ ಎಂದು ಮನಸ್ಸು ಮರುಗುತ್ತದೆ. ಅವನು ಬದುಕಿದ್ದರೆ ಅವನ ತಂಡ ಆಮೇಲೆ ಗೆದ್ದ ಎಷ್ಟೋ ಪಂದ್ಯಗಳನ್ನು ನೋಡುತ್ತಿದ್ದ. ಸೋತ ಎಷ್ಟೋ ಪಂದ್ಯಗಳನ್ನೂ ನೋಡುತ್ತಿದ್ದ.

ಇದಕ್ಕಿಂತ ದೊಡ್ಡ ದುರಂತ ನಡೆದದ್ದು 1980ರ ಆಗಸ್ಟ್ 16ರಂದು. ಈಡನ್ ಗಾರ್ಡನ್ಸ್‌ನಲ್ಲಿ ಎರಡೂ ತಂಡಗಳ ಲೀಗ್ ಪಂದ್ಯ. ಇಂದಿನ ಹಾಗೆ ಎರಡೂ ಕಡೆಯವರಿಗೆ ಬೇರೆ ಬೇರೆ ಗ್ಯಾಲರಿಗಳಿರಲಿಲ್ಲ. ಒಂದೇ ಕಡೆ ಬೆರೆತು ಕುಳಿತಿದ್ದರು. ಮೈದಾನದಲ್ಲಿ ಆಟ ಒರಟಾಯಿತು, ಎರಡೂ ತಂಡಗಳಿಂದ ಒಬ್ಬೊಬ್ಬರನ್ನು ರೆಫರಿ ಹೊರಗೆ ಕಳುಹಿಸಿದರು. ಮೈದಾನದ ಜಗಳ ಗ್ಯಾಲರಿಗೆ ಹತ್ತಿಕೊಂಡಿತು. ಕಲ್ಲು ತೂರಾಟ, ಓಟ, ಕಿರಿದಾದ ಮೆಟ್ಟಿಲುಗಳಲ್ಲಿ ನೂಕುನುಗ್ಗಲು. ಕಾಲ್ತುಳಿತಕ್ಕೆ ಸಿಕ್ಕಿ ಹದಿನಾರು ಮಂದಿ ಸತ್ತರು. ಪಂದ್ಯ ಮುಗಿದಾಗ ಎರಡೂ ಕಡೆಗೆ ಗೋಲು ಸೊನ್ನೆ. ಆಟ ನೋಡಲು ಹೊರಟ ಮಗ ಸಂಜೆಯಾದರೂ ಮನೆಗೆ ಮರಳದ ಆ ಮನೆಗಳಲ್ಲಿ ಘೋಟಿ ಯಾರು, ಬಾಂಗಾಲ್ ಯಾರು?

ಅಂದಿನಿಂದ ಆಗಸ್ಟ್ 16ನ್ನು ಕಲ್ಕತ್ತೆಯಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಅಂದು ರಕ್ತದಾನ ಶಿಬಿರ ನಡೆಯುತ್ತದೆ. ರಕ್ತಕ್ಕೆ ರಕ್ತ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಕಂಡಿಲ್ಲ. ಬಾಟಲಿಯೊಳಗೆ ಹೋದ ಮೇಲೆ ಆ ರಕ್ತ ಹಸಿರು-ಮೆರೂನಿನವರದೋ ಕೆಂಪು-ಹೊನ್ನಿನವರದೋ ಯಾರು ಹೇಳಬಲ್ಲರು?

ದುರಂತದ ಬಳಿಕವೂ ಜನ ಮೈದಾನಕ್ಕೆ ಬೆನ್ನು ತಿರುಗಿಸಲಿಲ್ಲ. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಡೆದ ಫೆಡರೇಷನ್ ಕಪ್ ಸೆಮಿಫೈನಲ್ ನೋಡಲು ಸೇರಿದವರ ಸಂಖ್ಯೆ 1,31,781. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದ ಆ ಪಂದ್ಯವನ್ನು ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಅರ್ಧದಷ್ಟು ಜನ ಸೋತು ಮನೆಗೆ ನಡೆದರು. ಮುಂದಿನ ಪಂದ್ಯಕ್ಕೆ ಅವರೂ ಬಂದರು.

ನಮ್ಮ ಕಂಠೀರವ ಕ್ರೀಡಾಂಗಣವೂ ಇಂಥದೊಂದು ಕಾಯುವಿಕೆಯ ಅಂತ್ಯವನ್ನು ಕಂಡಿದೆ. 2015ರ ಮೇ 31ರಂದು ಅಲ್ಲಿ ಬೆಂಗಳೂರು ಎಫ್.ಸಿ. ಮತ್ತು ಮೋಹನ್ ಬಗಾನ್ ನಡುವೆ ಐ-ಲೀಗಿನ ನಿರ್ಣಾಯಕ ಪಂದ್ಯ ನಡೆಯಿತು. ಬಗಾನಿಗೆ ಸಮ ಮಾಡಿಕೊಂಡರೆ ಸಾಕಿತ್ತು. ಆದರೆ ಬೆಂಗಳೂರು ಮುಂದಿತ್ತು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬೆಲ್ಲೊ ರಝಾಕ್ ತಲೆಯಿಂದ ಚೆಂಡನ್ನು ಗೋಲಿಗೆ ತೂರಿ 1-1 ಮಾಡಿದರು. ಹದಿಮೂರು ವರ್ಷಗಳ ನಂತರ ರಾಷ್ಟ್ರೀಯ ಲೀಗಿನ ಪ್ರಶಸ್ತಿ ಮೋಹನ್ ಬಗಾನಿಗೆ ಬಂತು. ಅಂದು ಸೋತ ಬೆಂಗಳೂರು ಎಫ್.ಸಿ. ಹುಟ್ಟಿ ಎರಡೇ ವರ್ಷವಾಗಿತ್ತು. ಅದರ ಅಭಿಮಾನಿಗಳೂ ಪಶ್ಚಿಮದ ಗ್ಯಾಲರಿಯಲ್ಲಿ ತಮ್ಮ ನೆಲೆ ಮಾಡಿಕೊಂಡು, ಆಮೇಲೆ ಗೆಲುವಿನ ವರ್ಷಗಳನ್ನೂ ಬರದ ವರ್ಷಗಳನ್ನೂ ಕಂಡಿದ್ದಾರೆ. ಅಂಥ ಒಂದು ಸಂಜೆಯ ಸೋಲು ಎಳೆಯ ಕ್ಲಬ್ಬಿಗೆ ಹಳೆಯ ನೆನಪುಗಳನ್ನು ಕೊಡುತ್ತದೆ.

ಈಗ ನನ್ನ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಟ್ಟ ಘಟ್ಟಕ್ಕೆ ಬರುತ್ತೇನೆ. ಅದು ಬಹಳ ಹಿಂದಿನದಲ್ಲ.

2020ರಲ್ಲಿ ಎರಡೂ ಕ್ಲಬ್ಬುಗಳು ಇಂಡಿಯನ್ ಸೂಪರ್ ಲೀಗನ್ನು ಸೇರಿದವು. ಅಲ್ಲಿ ಆಡಲು ಬೇಕಾದ ಹಣ ಅವುಗಳ ಕೈಯಲ್ಲಿರಲಿಲ್ಲ. ಬಂಡವಾಳ ಹೂಡುವವರು ಬೇಕಾಯಿತು. ಬಂಡವಾಳದ ಜೊತೆಯಲ್ಲಿ ಹೆಸರುಗಳೂ ಬದಲಾದವು. ಎ.ಟಿ.ಕೆ. ಎಂಬ ತಂಡದೊಡನೆ ವಿಲೀನವಾಗಿ ಮೋಹನ್ ಬಗಾನ್ 'ಎ.ಟಿ.ಕೆ. ಮೋಹನ್ ಬಗಾನ್' ಆಯಿತು. ಈಸ್ಟ್ ಬೆಂಗಾಲ್ 'ಎಸ್.ಸಿ. ಈಸ್ಟ್ ಬೆಂಗಾಲ್' ಆಯಿತು. ಮೂರು ಅಕ್ಷರ, ಎರಡು ಅಕ್ಷರ. ಹೊರಗಿನವರಿಗೆ ಇದರಲ್ಲೇನು ಎನ್ನಿಸಬಹುದು.

ಮೋಹನ್ ಬಗಾನಿನ ಅಭಿಮಾನಿಗಳಿಗೆ ಹಾಗೆನ್ನಿಸಲಿಲ್ಲ. ಹೊಸ ಹೆಸರಿನ ತಂಡ ಬಲವಾಗಿತ್ತು. ಮೊದಲ ವರ್ಷವೇ ಫೈನಲ್ ತಲುಪಿತು. ಈಸ್ಟ್ ಬೆಂಗಾಲನ್ನು ಮತ್ತೆ ಮತ್ತೆ ಸೋಲಿಸಿತು. ಗೆಲುವೇ ಮುಖ್ಯವಾಗಿದ್ದರೆ ಅವರು ಸಂತೋಷದಿಂದ ಇರಬೇಕಿತ್ತು. ಅದರ ಬದಲು ಅವರಲ್ಲಿ ಅನೇಕರು ಆ ಮೂರು ಅಕ್ಷರಗಳನ್ನು ತೆಗೆಯಿರೆಂದು ಬೀದಿಯಲ್ಲಿ, ಗ್ಯಾಲರಿಯಲ್ಲಿ ಮೂರು ವರ್ಷ ಕೂಗಿದರು. 1911ರಲ್ಲಿ ಬರಿಗಾಲಿನಲ್ಲಿ ಗೆದ್ದ ಹೆಸರಿನ ಮುಂದೆ ಮತ್ತೊಂದು ಹೆಸರು ನಿಲ್ಲಕೂಡದು ಎಂಬುದು ಅವರ ಹಟ. 2023ರ ಮಾರ್ಚ್ 18ರಂದು ಗೋವೆಯಲ್ಲಿ ಬೆಂಗಳೂರು ಎಫ್.ಸಿ.ಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ತಂಡ ಚಾಂಪಿಯನ್ ಆಯಿತು. ಅದೇ ರಾತ್ರಿ ಮಾಲೀಕರು ಆ ಮೂರು ಅಕ್ಷರಗಳನ್ನು ಕೈಬಿಡುವುದಾಗಿ ಘೋಷಿಸಿದರು. ಜೂನ್ 1ರಿಂದ ತಂಡ 'ಮೋಹನ್ ಬಗಾನ್ ಸೂಪರ್ ಜೈಂಟ್' ಆಯಿತು. ಆ ರಾತ್ರಿ ಎಷ್ಟೋ ಅಭಿಮಾನಿಗಳಿಗೆ ಪ್ರಶಸ್ತಿಗಿಂತ ಆ ಘೋಷಣೆಯೇ ದೊಡ್ಡ ಗೆಲುವಾಗಿ ಕಂಡಿತು.

ಆಚೆಯ ದಡದಲ್ಲಿ ಇದರ ಕನ್ನಡಿ ಬಿಂಬ. ಬಂಡವಾಳ ಹೂಡಿದವರ ಅಂತಿಮ ಕರಾರಿಗೆ ಸಹಿ ಹಾಕಿದರೆ ಕ್ಲಬ್ಬಿನ ಹಕ್ಕುಗಳೇ ಕೈತಪ್ಪುವುವು ಎಂದು ಈಸ್ಟ್ ಬೆಂಗಾಲಿನ ಕೆಲವರು, ಸಹಿ ಹಾಕದಿದ್ದರೆ ತಂಡವೇ ಉಳಿಯದು ಎಂದು ಕೆಲವರು. 2021ರ ಜುಲೈ 21ರಂದು ಇಬ್ಬಗೆಯವರೂ ಕ್ಲಬ್ಬಿನ ಮುಂದೆ ಸೇರಿದರು. ಪೊಲೀಸರು ಲಾಠಿ ಬೀಸಿದರು. ಅಂದು ಪೆಟ್ಟು ತಿಂದವರು ಯಾವ ಟ್ರೋಫಿಗಾಗಿಯೂ ಅಲ್ಲಿ ನಿಂತಿರಲಿಲ್ಲ. 2022ರಲ್ಲಿ ಹೊಸ ಹೂಡಿಕೆದಾರರು ಬಂದ ಮೇಲೆ ಆ ಎರಡು ಅಕ್ಷರಗಳೂ ಹೋದವು.

ಮೈದಾನದಲ್ಲಿ ಮಾತ್ರ ಈಸ್ಟ್ ಬೆಂಗಾಲಿಗೆ ಬರಗಾಲ. ಸೂಪರ್ ಲೀಗಿನ ಮೊದಲ ಐದು ಸೀಸನ್ನುಗಳಲ್ಲಿ, ಅಂದರೆ 2024-25ರವರೆಗೆ, ಒಮ್ಮೆಯೂ ಅದು ಮೊದಲ ಆರು ತಂಡಗಳೊಳಗೆ ಬರಲಿಲ್ಲ. ಒಂದು ವರ್ಷವಂತೂ ಕಟ್ಟಕಡೆಯ ಸ್ಥಾನ. ಮೋಹನ್ ಬಗಾನಿನ ಎದುರು ಸತತ ಎಂಟು ಸೋಲು. 2019ರ ಜನವರಿಯಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 2023ರ ಆಗಸ್ಟ್ 12ರಂದು, ನಂದಕುಮಾರ್ ಹೊಡೆದ ಒಂದೇ ಗೋಲಿನಿಂದ. ಆ ನಾಲ್ಕೂವರೆ ವರ್ಷ ಶಾಲೆಯಲ್ಲಿ, ಕಚೇರಿಯಲ್ಲಿ, ಬೀಗರ ಮನೆಯಲ್ಲಿ ಹಂಗಿನ ಮಾತು ಕೇಳಿದ ಅಭಿಮಾನಿಗಳು ಬಣ್ಣ ಬದಲಿಸಲಿಲ್ಲ. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3-2ರಿಂದ ಮಣಿಸಿ ಈಸ್ಟ್ ಬೆಂಗಾಲ್ ಸೂಪರ್ ಕಪ್ ಗೆದ್ದಾಗ, ಹನ್ನೆರಡು ವರ್ಷಗಳ ಬಳಿಕ ಅದಕ್ಕೊಂದು ರಾಷ್ಟ್ರಮಟ್ಟದ ಟ್ರೋಫಿ ಬಂತು. ಆಗ ತಂಡದ ತರಬೇತುದಾರರಾಗಿದ್ದವರು ಕಾರ್ಲೆಸ್ ಕ್ವಾಡ್ರಾಟ್. 2018-19ರಲ್ಲಿ ಬೆಂಗಳೂರು ಎಫ್.ಸಿ.ಯನ್ನು ಚಾಂಪಿಯನ್ ಮಾಡಿದವರು ಇವರೇ. ಅಹ್ಮದ್ ಖಾನರ ನಂತರ ಬೆಂಗಳೂರಿನ ಋಣ ಮತ್ತೊಮ್ಮೆ ಸಂದಿತು ಎಂದುಕೊಂಡೆ.

ಹೀಗೆ ಒಂದು ಕಡೆ ಗೆಲ್ಲುತ್ತಿದ್ದರೂ ಹೆಸರಿಲ್ಲದ ಗೆಲುವು ಬೇಡವೆಂದವರು. ಇನ್ನೊಂದು ಕಡೆ ಸೋಲುತ್ತಿದ್ದರೂ ಹೆಸರಿಗಾಗಿ ನಿಂತವರು. ಗೆಲುವು ಆಟಗಾರರದು, ಬಂಡವಾಳ ಮಾಲೀಕರದು, ಲೀಗು ಆಡಳಿತದವರದು. ಆಟಗಾರರು ಮುಂದಿನ ವರ್ಷ ಬೇರೆ ತಂಡಕ್ಕೆ ಹೋಗುತ್ತಾರೆ, ಮಾಲೀಕರು ಬದಲಾಗುತ್ತಾರೆ. ನೂರು ವರ್ಷ ಒಂದೇ ಜಾಗದಲ್ಲಿ ಉಳಿಯುವವರು ಅಭಿಮಾನಿಗಳು ಮಾತ್ರ. ಅವರ ಪಾಲಿಗೆ ಬಂದಿರುವ ಕೆಲಸ ಹೆಸರನ್ನೂ ಅದರ ನೆನಪನ್ನೂ ಕಾಯುವುದು. ನಿಷ್ಠೆ ಎಂದರೆ ಈ ಕಾವಲುಗಾರಿಕೆ ಎಂದು ನಾನು ತಿಳಿದಿದ್ದೇನೆ.

ಆ ನೆನಪು ಎಷ್ಟು ಆಳದ್ದೆಂಬುದು 2020ರ ಜನವರಿಯ ಪಂದ್ಯದಲ್ಲಿ ಕಾಣಿಸಿತು. ದೇಶದಲ್ಲಿ ಪೌರತ್ವದ ದಾಖಲೆಗಳ ಬಗ್ಗೆ ವಾದವಿವಾದ ನಡೆಯುತ್ತಿದ್ದ ದಿನಗಳು ಅವು. ಈಸ್ಟ್ ಬೆಂಗಾಲಿನ ಅಭಿಮಾನಿಗಳು ಗ್ಯಾಲರಿಯಲ್ಲಿ ಒಂದು ದೊಡ್ಡ ಬಟ್ಟೆ ಬಿಚ್ಚಿದರು. ಈ ಮಣ್ಣನ್ನು ಪಡೆದದ್ದು ರಕ್ತ ತೆತ್ತು, ಕಾಗದ ಕೊಟ್ಟಲ್ಲ ಎಂಬುದು ಅದರ ಮೇಲಿದ್ದ ಬಂಗಾಳಿ ಬರಹದ ತಾತ್ಪರ್ಯ. ಆ ವಿವಾದದಲ್ಲಿ ಯಾರ ಪಕ್ಷ ಏನೇ ಇರಲಿ, ಸಿಯಾಲ್ದಾ ನಿಲ್ದಾಣದಲ್ಲಿ ಇಳಿದವರ ಮೊಮ್ಮಕ್ಕಳು ಎಪ್ಪತ್ತು ವರ್ಷಗಳ ಬಳಿಕವೂ ಅಜ್ಜಿಯ ಗಂಟುಮೂಟೆಯನ್ನು ಮರೆತಿರಲಿಲ್ಲ. ಪಠ್ಯಪುಸ್ತಕ ಒಂದು ಪುಟದಲ್ಲಿ ಮುಗಿಸಿದ ಇತಿಹಾಸವನ್ನು ಗ್ಯಾಲರಿಯ ಮೆಟ್ಟಿಲುಗಳು ಕಾದಿಟ್ಟಿದ್ದವು.

ಕೊನೆಯದಾಗಿ 2024ರ ಆಗಸ್ಟ್ 18. ಅದೇ ತಿಂಗಳ 9ರಂದು ಕಲ್ಕತ್ತೆಯ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಒಬ್ಬ ತರುಣ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಲೆ ಮಾಡಲಾಗಿತ್ತು. ಊರೇ ಕುದಿಯುತ್ತಿತ್ತು. ಭದ್ರತೆಯ ಕಾರಣ ಹೇಳಿ ಡ್ಯುರಾಂಡ್ ಕಪ್ಪಿನ ಈಸ್ಟ್ ಬೆಂಗಾಲ್–ಮೋಹನ್ ಬಗಾನ್ ಪಂದ್ಯವನ್ನು ರದ್ದು ಮಾಡಿದರು. ಪಂದ್ಯವಿಲ್ಲದಿದ್ದರೂ ಜನ ಬಂದರು. ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಮಳೆಯಲ್ಲಿ ನೆನೆಯುತ್ತ, ಲಾಠಿಗೆ ಮೈಯೊಡ್ಡುತ್ತ, ಕೆಂಪು-ಹೊನ್ನಿನ ಅಂಗಿಯವರೂ ಹಸಿರು-ಮೆರೂನ್ ಅಂಗಿಯವರೂ ಹೆಗಲಿಗೆ ಹೆಗಲು ಕೊಟ್ಟು ಆ ಹೆಣ್ಣುಮಗಳಿಗೆ ನ್ಯಾಯ ಕೇಳಿದರು. ಮೊಹಮ್ಮಡನ್ ಸ್ಪೋರ್ಟಿಂಗಿನವರೂ ಜೊತೆಗೂಡಿದರು. 1980ರ ಆಗಸ್ಟ್ 16ರಿಂದ ನಲವತ್ತನಾಲ್ಕು ವರ್ಷ ಎರಡು ದಿನ. ಅದೇ ಊರಿನ ಅವೇ ಎರಡು ಬಣ್ಣಗಳು. ಅಂದು ಒಬ್ಬರನ್ನೊಬ್ಬರು ತುಳಿದ ಕಾಲುಗಳ ಮಕ್ಕಳು ಇಂದು ಒಂದೇ ಸಾಲಿನಲ್ಲಿ ನಿಂತಿದ್ದರು.

ತನ್ನದೆಂಬ ಒಂದನ್ನು ಗಾಢವಾಗಿ ಪ್ರೀತಿಸುವವನು ಇತರರನ್ನು ದ್ವೇಷಿಸಲೇಬೇಕೆಂದು ಎಷ್ಟೋ ಜನ ತಿಳಿದಿದ್ದಾರೆ. 1980 ಹಾಗೆ ಹೇಳಿತು, 2024 ಹಾಗಲ್ಲವೆಂದಿತು. ಪಕ್ಕದವನಿಗೂ ತನ್ನಂತೆಯೇ ಒಂದು ಮನೆದೇವರು ಇದ್ದಾನೆಂದು ಅರಿತ ಒಕ್ಕಲು ಎಂದೂ ಇನ್ನೊಬ್ಬರ ಗುಡಿಗೆ ಕಲ್ಲು ಹೊಡೆಯಲಾರ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಬೆಂಗಳೂರಿನಲ್ಲಿ, ಕೆಲವರು ಹೊರದೇಶಗಳಲ್ಲಿ ಇದ್ದೀರಿ. ನಿಮ್ಮ ಮಕ್ಕಳು ದೂರದರ್ಶನದಲ್ಲಿ ನೋಡಿ ಯಾವುದೋ ತಂಡವನ್ನು ಮೆಚ್ಚಿಕೊಂಡಿರಬಹುದು. ಆ ತಂಡ ಈ ವರ್ಷ ಸೋಲುತ್ತಲೂ ಇರಬಹುದು. ಗೆಲ್ಲುವ ತಂಡಕ್ಕೆ ಹಾರಿಬಿಡು ಎಂದು ಮಾತ್ರ ಅವರಿಗೆ ಹೇಳಬೇಡಿ. ತೆಂಗಿನ ಸಸಿ ನೆಟ್ಟವರಿಗೆ ಕಾಯುವುದು ಹೇಗೆಂದು ಗೊತ್ತಿರುತ್ತದೆ. ಈಗಿನ ಮಕ್ಕಳಿಗೆ ಅದನ್ನು ಕಲಿಯುವ ಅವಕಾಶಗಳು ಕಡಿಮೆ. ಒಂದು ಸೋತ ತಂಡ ಅದನ್ನು ಕಲಿಸಿದರೆ ಕಲಿಯಲಿ ಬಿಡಿ.